ಹಾಡು ನಿಲ್ಲಿಸಿದವರು ಯಾರು?

ಲಿನಕ್ಸ್ ಕಂಪ್ಯೂಟರಿನಲ್ಲಿ ಪ್ಲೇಯರ್‌ಸಿಟಿಎಲ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡು ಟರ್ಮಿನಲ್ ತೆರೆಯಿರಿ. ‘ಪ್ಲೇಯರ್‌ಸಿಟಿಎಲ್ ಪ್ಲೇ-ಪಾಜ್’ ಎಂದು ಟೈಪಿಸಿ ಎಂಟರ್ ಒತ್ತಿ. ವಿಎಲ್‌ಸಿಯಲ್ಲಿ ಓಡುತ್ತಿದ್ದ ಹಾಡು ತಟ್ಟನೆ ನಿಂತುಬಿಡುತ್ತದೆ. ಅದೇ ಸಾಲನ್ನು ಇನ್ನೊಮ್ಮೆ ಕೊಡಿ, ನಿಂತ ಸೊಲ್ಲಿನಿಂದಲೇ ಹಾಡು ಮತ್ತೆ ಹೊರಡುತ್ತದೆ. ಇದರಲ್ಲೇನು ಮಹಾ ಅನ್ನಬೇಡಿ, ಸ್ವಲ್ಪ ತಾಳಿ. ಈಗ ವಿಎಲ್‌ಸಿ ಮುಚ್ಚಿ, ಫೈರ್‌ಫಾಕ್ಸ್‌ನಲ್ಲಿ ಯಾವುದಾದರೂ ಭಾಷಣದ ವಿಡಿಯೊ ಹಚ್ಚಿ. ಮತ್ತೆ ಅದೇ ಸಾಲು. ಭಾಷಣಕಾರರು ತೆರೆದ ಬಾಯಿ ತೆರೆದಂತೆಯೇ ನಿಂತರು! ರಿದಂಬಾಕ್ಸ್ ಹಚ್ಚಿ ನೋಡಿ, ಅದೂ ಕೇಳುತ್ತದೆ. ಒಂದಕ್ಷರವನ್ನೂ ಬದಲಿಸಬೇಕಿಲ್ಲ.

ಈಗ ಯೋಚಿಸಿ. ವಿಎಲ್‌ಸಿ ಹುಟ್ಟಿದ್ದು ಪ್ಯಾರಿಸ್‌ನ ಎಂಜಿನಿಯರಿಂಗ್ ಶಾಲೆಯೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ. ಫೈರ್‌ಫಾಕ್ಸ್ ಮೊಝಿಲ್ಲಾದ್ದು. ರಿದಂಬಾಕ್ಸ್ ಗ್ನೋಮ್ ಬಳಗದ್ದು. ಒಬ್ಬರಿಗೊಬ್ಬರು ಸಂಬಂಧವಿಲ್ಲ, ಒಬ್ಬರ ಕೋಡ್ ಇನ್ನೊಬ್ಬರಿಗೆ ಬೇಕಿಲ್ಲ, ಇವರೆಲ್ಲರ ಮೇಲೆ ಯಜಮಾನ ಅಂತ ಒಂದು ಕಂಪನಿಯೂ ಇಲ್ಲ. ಹಾಗಿದ್ದೂ ಒಂದೇ ಮಾತಿಗೆ ಮೂವರೂ ತಲೆಯಾಡಿಸುತ್ತಾರೆ. ಹೇಗೆ? ಹಾಡು ನಿಲ್ಲಿಸಿದವರು ನಿಜಕ್ಕೂ ಯಾರು?

ಈ ಪ್ರಶ್ನೆಯ ಬಾಲ ಹಿಡಿದು ಹೊರಟರೆ ಸಿಗುವ ಲೋಕ ಎಂಥದು ಅಂತೀರಿ! ನಮ್ಮ ಕಣ್ಣೆದುರಿನ ಕಂಪ್ಯೂಟರಿನಲ್ಲೇ ಇಡೀ ದಿನ ಒಂದು ಸಂಭಾಷಣೆ ನಡೆಯುತ್ತಿರುತ್ತದೆ. ಬೇಕೆಂದರೆ ಅದನ್ನು ಕದ್ದು ಕೇಳಬಹುದು. ಕದಿಯುವುದೇಕೆ, ನಾವೇ ನಡುವೆ ಬಾಯಿ ಹಾಕಬಹುದು.

ಹೆಡ್‌ಫೋನಿನ ಬಟನ್‌ನಿಂದಲೇ ಶುರುಮಾಡೋಣ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಅದರ ಬಟನ್ ಒತ್ತಿದಾಗ ಹಾಡು ನಿಲ್ಲುತ್ತದಲ್ಲ, ಆ ಬಟನ್‌ಗೆ ಹಾಡಿನ ಗಂಧಗಾಳಿಯೂ ಇಲ್ಲ. ಅದು ‘ಪಾಜ್’ ಎಂಬ ಪುಟ್ಟ ಸಂಕೇತವೊಂದನ್ನು ಗಾಳಿಯಲ್ಲಿ ಕಳಿಸುತ್ತದೆ, ಅಷ್ಟೇ. ಲಿನಕ್ಸ್‌ನಲ್ಲಿ ಬ್ಲೂಟೂತ್ ನೋಡಿಕೊಳ್ಳುವ ಬ್ಲೂಝಡ್ ಎಂಬ ತಂತ್ರಾಂಶ ಆ ಸಂಕೇತವನ್ನು ಹಿಡಿದು ಒಂದು ಚಮತ್ಕಾರ ಮಾಡುತ್ತದೆ. ಇಲ್ಲದ ಕೀಬೋರ್ಡ್ ಒಂದನ್ನು ಸೃಷ್ಟಿಸಿ, ಅದರ ಕೀಲಿಯೊಂದನ್ನು ಯಾರೋ ಒತ್ತಿದರು ಎಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ವರದಿ ಕೊಡುತ್ತದೆ. ಆ ಕೀಲಿಯ ಸಂಖ್ಯೆ 201, ಹೆಸರು ‘ಪಾಜ್‌ಸಿಡಿ’. ಮತ್ತೆ ಹಾಡಿಸುವ ಕೀಲಿ 200, ‘ಪ್ಲೇಸಿಡಿ’. ನೋಡಿದಿರಾ? ಸಿಡಿ ಡ್ರೈವ್‌ಗಳು ಲ್ಯಾಪ್‌ಟಾಪ್‌ಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು, ತಂತಿಯೇ ಇಲ್ಲದ ಹೆಡ್‌ಫೋನ್ ಬಂತು, ಆದರೂ ನೀವು ಹಾಡು ನಿಲ್ಲಿಸಿದಾಗಲೆಲ್ಲ ಕರ್ನೆಲ್ ಒಳಗೆ ಸಿಡಿಯ ಹೆಸರು ಕೂಗಲಾಗುತ್ತಿದೆ!

ಲ್ಯಾಪ್‌ಟಾಪ್‌ನ ಕೀಬೋರ್ಡಿನಲ್ಲೇ ಇರುವ ಪ್ಲೇ-ಪಾಜ್ ಕೀಲಿಗೆ ಬೇರೆ ಸಂಖ್ಯೆ, 164. ಮುಂದಿನ ಹಾಡಿಗೆ 163, ಹಿಂದಿನದಕ್ಕೆ 165. ಕರ್ನೆಲ್ ಇದನ್ನು 164 ಎಂದು ಕಳಿಸಿದರೆ ಡೆಸ್ಕ್‌ಟಾಪ್ ಅದನ್ನು 172 ಎಂದು ಓದುತ್ತದೆ. ನಡುವೆ ಎಂಟು ಎಲ್ಲಿಂದ ಬಂತು? ಹಳೆಯ ಎಕ್ಸ್ ವಿಂಡೋ ವ್ಯವಸ್ಥೆಯ ನಿಯಮದ ಪ್ರಕಾರ ಕೀಲಿಗಳ ಎಣಿಕೆ ಎಂಟರಿಂದ ಆರಂಭವಾಗಬೇಕು. ಆದ್ದರಿಂದ ಪ್ರತಿ ಕೀಲಿಗೂ ಎಂಟು ಕೂಡಿಸುವ ಪದ್ಧತಿ ಬಂತು. ಈಗ ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂದಿದೆ, ಎಂಟು ಮಾತ್ರ ಹಾಗೇ ಉಳಿದಿದೆ. ಎಕ್ಸ್ ಬಳಸುವವರು ‘ಎಕ್ಸ್‌ಇವಿ’ ಎಂಬ ಪುಟ್ಟ ತಂತ್ರಾಂಶ, ವೇಲ್ಯಾಂಡ್‌ನವರು ‘ಡಬ್ಲ್ಯುಇವಿ’ ತೆರೆದು ಕೀಲಿ ಒತ್ತಿದರೆ ಸಂಖ್ಯೆಗಳು ಪರದೆಯ ಮೇಲೆ ಸಾಲುಸಾಲಾಗಿ ಬೀಳುತ್ತವೆ. ಡೆಸ್ಕ್‌ಟಾಪೇ ಆ ಕೀಲಿಯನ್ನು ನಡುದಾರಿಯಲ್ಲಿ ಕಸಿದುಕೊಂಡು ಏನೂ ಕಾಣಿಸದೇ ಹೋದರೆ ಬೇಸರ ಬೇಡ. ಕಸಿದುಕೊಂಡಿತು ಎನ್ನುವುದೇ ನಮ್ಮ ಕತೆಯ ಮುಂದಿನ ಘಟ್ಟ.

ಕೀಲಿಯನ್ನು ಕಸಿದುಕೊಂಡ ಡೆಸ್ಕ್‌ಟಾಪ್ ನೇರವಾಗಿ ಹಾಡಿನ ಕತ್ತು ಹಿಸುಕುವುದಿಲ್ಲ. ಅದು ಡಿ-ಬಸ್ ಎಂಬಲ್ಲಿಗೆ ಹೋಗಿ ಒಂದು ಮಾತು ಆಡುತ್ತದೆ. ಡಿ-ಬಸ್ ಎಂದರೆ ಕಂಪ್ಯೂಟರಿನೊಳಗಿನ ಅರಳಿಕಟ್ಟೆ. ಊರಿನ ತಂತ್ರಾಂಶಗಳೆಲ್ಲ ಅಲ್ಲಿ ತಮ್ಮ ತಮ್ಮ ಹೆಸರು ಹೇಳಿಕೊಂಡು ಕೂತಿರುತ್ತವೆ. ಯಾರು ಯಾರನ್ನಾದರೂ ಹೆಸರು ಹಿಡಿದು ಕರೆಯಬಹುದು, ಕೆಲಸ ಹೇಳಬಹುದು, ಸುಮ್ಮನೆ ಸುದ್ದಿಯನ್ನೂ ಸಾರಬಹುದು. 2002ರಲ್ಲಿ ಹ್ಯಾವಕ್ ಪೆನ್ನಿಂಗ್ಟನ್ ಮತ್ತು ಗೆಳೆಯರು ಇದನ್ನು ಶುರುಮಾಡಿದರು. 2006ರ ನವೆಂಬರ್‌ನಲ್ಲಿ 1.0 ಆವೃತ್ತಿ ಬಂತು. ಇಂದು ಗ್ನೋಮ್, ಕೆಡಿಇ ಎಂಬ ಎರಡೂ ಡೆಸ್ಕ್‌ಟಾಪ್‌ಗಳು ಇದರ ಮೇಲೇ ನಿಂತಿವೆ. ವೈಫೈ ಸಂಪರ್ಕ ಸಿಕ್ಕಿತು, ಬ್ಯಾಟರಿ ಇಳಿಯಿತು, ಪೆನ್‌ಡ್ರೈವ್ ಚುಚ್ಚಿದರು ಎಂಬ ಸುದ್ದಿಗಳೆಲ್ಲ ಇಲ್ಲೇ ಹರಿದಾಡುತ್ತವೆ.

ಆ ಮಾತುಕತೆ ಕೇಳಬೇಕೆ? ‘ಬಸ್‌ಸಿಟಿಎಲ್ --ಯೂಸರ್ ಮಾನಿಟರ್’ ಎಂದು ಟೈಪಿಸಿ, ಟರ್ಮಿನಲ್ ಕಿಟಕಿಯನ್ನು ಒಂದು ಬದಿಗಿಡಿ, ಇನ್ನೊಂದು ಬದಿಯಲ್ಲಿ ಹಾಡು ಹಚ್ಚಿ. ಅಬ್ಬಾ! ಸಾಲುಗಳು ಮಳೆಯಂತೆ ಸುರಿಯತೊಡಗುತ್ತವೆ. ಹಾಡು ಬದಲಾದ ಕ್ಷಣದಲ್ಲೇ ‘ಪ್ರಾಪರ್ಟೀಸ್ ಚೇಂಜ್ಡ್’ ಎಂಬ ಘೋಷಣೆ. ಅದರ ಹೊಟ್ಟೆಯೊಳಗೆ ಹಾಡಿನ ಹೆಸರು, ಹಾಡಿದವರ ಹೆಸರು, ಆಲ್ಬಂ, ಮುಖಪುಟದ ಚಿತ್ರ ಇರುವ ವಿಳಾಸ, ಹಾಡಿನ ಉದ್ದ. ಪಾಜ್ ಒತ್ತಿದರೆ ‘ಪ್ಲೇಬ್ಯಾಕ್ ಸ್ಟೇಟಸ್’ ಎಂಬುದರ ಎದುರು ‘ಪಾಜ್ಡ್’ ಎಂದು ಬದಲಾಗುತ್ತದೆ. ನೀವು ಹಾಡು ಕೇಳುತ್ತಿರುವಾಗ ಲಾಕ್ ಸ್ಕ್ರೀನಿನ ಮೇಲೆ ಮುಖಪುಟದ ಚಿತ್ರ ಬರುತ್ತದಲ್ಲ, ಗಡಿಯಾರದ ಪಕ್ಕ ಹಾಡಿನ ಹೆಸರು ಇಣುಕುತ್ತದಲ್ಲ, ಅವಕ್ಕೆಲ್ಲ ಸುದ್ದಿ ಸಿಕ್ಕಿದ್ದು ಈ ಘೋಷಣೆಯಿಂದ. ಪ್ಲೇಯರ್‌ಗೆ ಲಾಕ್ ಸ್ಕ್ರೀನಿನ ಪರಿಚಯವೇ ಇಲ್ಲ. ತನ್ನ ಪಾಡಿಗೆ ತಾನು ಸುದ್ದಿ ಸಾರಿತು, ಬೇಕಾದವರು ಕೇಳಿಸಿಕೊಂಡರು.

ಕೂತವರೆಲ್ಲ ಒಂದೇ ಮಾತು ಆಡಬೇಕಾದರೆ ಮೊದಲೇ ಒಪ್ಪಂದ ಆಗಿರಬೇಕಲ್ಲ? ಆಗಿದೆ. ಅದರ ಹೆಸರು ಎಂಪ್ರಿಸ್. ಪೂರ್ತಿ ಬಿಡಿಸಿ ಹೇಳಿದರೆ ಮೀಡಿಯಾ ಪ್ಲೇಯರ್ ರಿಮೋಟ್ ಇಂಟರ್‌ಫೇಸಿಂಗ್ ಸ್ಪೆಸಿಫಿಕೇಷನ್. ವಿಎಲ್‌ಸಿ, ಅಮರಾಕ್, ಎಕ್ಸ್‌ಎಂಎಂಎಸ್2 ಮುಂತಾಗಿ ಒಂದೇ ಕೇಳುಗರಿಗಾಗಿ ಪೈಪೋಟಿ ನಡೆಸುತ್ತಿದ್ದ ಪ್ಲೇಯರ್‌ಗಳ ಕಡೆಯವರು ಕೂತು ಮಾಡಿಕೊಂಡ ಒಡಂಬಡಿಕೆ ಇದು. ಈಗ ಬಳಕೆಯಲ್ಲಿರುವುದು ಅದರ ಎರಡನೆಯ ಆವೃತ್ತಿ. ಪ್ಲೇ, ಪಾಜ್, ಪ್ಲೇ-ಪಾಜ್, ಸ್ಟಾಪ್, ನೆಕ್ಸ್ಟ್, ಪ್ರೀವಿಯಸ್, ಸೀಕ್, ಸೆಟ್ ಪೊಸಿಷನ್, ಓಪನ್ ಯೂಆರ್‌ಐ. ಕೊಡಬಹುದಾದ ಮುಖ್ಯ ಅಪ್ಪಣೆಗಳು ಇಷ್ಟೇ. ಇದನ್ನು ಓದಲು ಕೂತರೆ ಒಣ ನಿಯಮಾವಳಿ ಎಂದೇ ಅನಿಸುತ್ತದೆ. ಆದರೆ ಇದರಲ್ಲಿ ಎಂಥ ಸೂಕ್ಷ್ಮಗಳಿವೆ ಗೊತ್ತೆ?

ಮೊದಲನೆಯದು ಕಾಲದ ಅಳತೆ. ಹಾಡಿನ ಯಾವ ಜಾಗದಲ್ಲಿದ್ದೇವೆ ಎನ್ನುವುದನ್ನು ಎಂಪ್ರಿಸ್ ಸೆಕೆಂಡಿನಲ್ಲಿ ಹೇಳುವುದಿಲ್ಲ, ಮೈಕ್ರೊಸೆಕೆಂಡಿನಲ್ಲಿ ಹೇಳುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು! ನಾಲ್ಕೂವರೆ ನಿಮಿಷದ ಒಂದು ಚಿತ್ರಗೀತೆ ಇದರ ಲೆಕ್ಕದಲ್ಲಿ 27 ಕೋಟಿ. ಇಷ್ಟು ಸಣ್ಣ ಅಳತೆ ಹಿಡಿದರೆ ಸಂಖ್ಯೆ ಬೇಗ ಮುಗಿದುಹೋಗುವುದಿಲ್ಲವೆ? 64 ಬಿಟ್‌ನ ಸಂಖ್ಯೆಯದು. ಲೆಕ್ಕ ಹಾಕಿ ನೋಡಿ: ಸುಮಾರು 2 ಲಕ್ಷ 92 ಸಾವಿರ ವರ್ಷ ಉದ್ದದ ಹಾಡನ್ನೂ ಅದು ಅಳೆಯಬಲ್ಲದು. ರಾತ್ರಿಯಿಡೀ ನಡೆಯುವ ತಾಳಮದ್ದಳೆಯ ಧ್ವನಿಮುದ್ರಣ ಅದರೆದುರು ಯಾವ ಲೆಕ್ಕ!

ಎರಡನೆಯದು ನನಗೆ ಇನ್ನೂ ಇಷ್ಟವಾದದ್ದು. ಹಾಡಿನ ಒಂದು ನಿರ್ದಿಷ್ಟ ಜಾಗಕ್ಕೆ ಹಾರಬೇಕೆಂದರೆ ‘ಎರಡನೇ ನಿಮಿಷಕ್ಕೆ ಹೋಗು’ ಎಂದಷ್ಟೇ ಹೇಳಿದರೆ ಸಾಲದು. ಯಾವ ಹಾಡಿನ ಎರಡನೇ ನಿಮಿಷ ಎಂದೂ ಹೇಳಬೇಕು. ಯಾಕೆ? ನೀವು ಜಾರುಪಟ್ಟಿಯನ್ನು ಎಳೆದು ಬಿಡುವುದಕ್ಕೂ ಆ ಮಾತು ಪ್ಲೇಯರ್‌ಗೆ ತಲುಪುವುದಕ್ಕೂ ನಡುವೆ ಕೂದಲೆಳೆಯಷ್ಟು ಸಮಯ ಇರುತ್ತದೆ. ಅಷ್ಟರಲ್ಲಿ ಆ ಹಾಡು ಮುಗಿದು ಮುಂದಿನದು ಶುರುವಾಗಿದ್ದರೆ? ಹೊಸ ಹಾಡು ಸುಮ್ಮಸುಮ್ಮನೆ ಎರಡನೇ ನಿಮಿಷಕ್ಕೆ ಜಿಗಿದುಬಿಡುತ್ತಿತ್ತು. ಅದಕ್ಕೇ ಈ ಉಪಾಯ. ಅಪ್ಪಣೆಯ ಜೊತೆ ಬಂದ ಹಾಡಿನ ಗುರುತು ಈಗ ಓಡುತ್ತಿರುವ ಹಾಡಿನದ್ದಲ್ಲವೆಂದರೆ, ಇದು ಹಳಸಿದ ಮಾತು ಎಂದು ಪ್ಲೇಯರ್ ಅದನ್ನು ಕಿವಿಗೇ ಹಾಕಿಕೊಳ್ಳಬಾರದು ಎಂದು ನಿಯಮ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬಹುದಾದ ಎಡವಟ್ಟನ್ನು ಯಾರೋ ಕೂತು ಊಹಿಸಿ, ಬರೆದಿಟ್ಟಿದ್ದಾರೆ.

ಇನ್ನೊಂದು ಜಾಣತನ. ಹಾಡು ಮುಂದುವರಿದಂತೆ ಪ್ಲೇಯರ್ ‘ಈಗ ಇಲ್ಲಿದ್ದೇನೆ, ಈಗ ಇಲ್ಲಿದ್ದೇನೆ’ ಎಂದು ಕೂಗುತ್ತ ಹೋಗುವುದಿಲ್ಲ. ಹಾಗೆ ಕೂಗಿದ್ದರೆ ಡಿ-ಬಸ್‌ನ ತುಂಬ ಅದೇ ಗದ್ದಲ. ಶುರುವಿನ ಜಾಗ, ವೇಗ ಎರಡನ್ನೂ ಒಮ್ಮೆ ಕೇಳಿಕೊಂಡರೆ ಮುಂದಿನ ಲೆಕ್ಕವನ್ನು ಕೇಳುವವರೇ ಮಾಡಿಕೊಳ್ಳಬೇಕು. ಯಾರಾದರೂ ನಡುವೆ ಹಾಡನ್ನು ಹಿಂದೆಮುಂದೆ ಓಡಿಸಿದರೆ ಮಾತ್ರ ‘ಸೀಕ್ಡ್’ ಎಂಬ ಒಂದು ಕೂಗು. ವೇಗವನ್ನು ಸೊನ್ನೆಗೆ ಇಳಿಸುವ ಕಿಡಿಗೇಡಿಗಳಿಗೂ ಉತ್ತರವಿದೆ: ಸೊನ್ನೆ ವೇಗ ಎಂದರೆ ಪಾಜ್ ಎಂದೇ ತಿಳಿಯತಕ್ಕದ್ದು. ಹಾಡಿನ ಕೊನೆಯನ್ನೂ ದಾಟಿ ಮುಂದಕ್ಕೆ ಓಡಿಸಿದರೋ, ಅದನ್ನು ಮುಂದಿನ ಹಾಡಿಗೆ ಹೋಗು ಎಂಬ ಅಪ್ಪಣೆಯಾಗಿ ತೆಗೆದುಕೊಳ್ಳಬೇಕು.

ಈಗ ಫೈರ್‌ಫಾಕ್ಸ್ ಏಕೆ ಮಾತು ಕೇಳಿತು ಎಂಬುದು ತಿಳಿಯಿತು. ಅದು ಈ ಒಪ್ಪಂದಕ್ಕೆ ತಡವಾಗಿ ಬಂದ ಅತಿಥಿ. 2020ರ ಸೆಪ್ಟೆಂಬರ್‌ನಲ್ಲಿ ಬಂದ 81ನೇ ಆವೃತ್ತಿಯಿಂದ ಕೀಬೋರ್ಡಿನ, ಹೆಡ್‌ಸೆಟ್ಟಿನ ಬಟನ್‌ಗಳಿಗೆ ಓಗೊಡಲು ಕಲಿಯಿತು. ಕ್ರೋಮ್ ಕೂಡ ಕಲಿತಿದೆ. ಹಳೆಯ ಪ್ಲೇಯರ್‌ಗಳ ನಡುವಿನ ಒಪ್ಪಂದ ಎಷ್ಟು ಗಟ್ಟಿಯಾಗಿತ್ತೆಂದರೆ, ಮ್ಯೂಸಿಕ್ ಪ್ಲೇಯರೇ ಅಲ್ಲದ ಬ್ರೌಸರ್‌ಗಳು ಬಂದು ಅದೇ ಭಾಷೆ ಕಲಿಯಬೇಕಾಯಿತು.

ಡಿ-ಬಸ್‌ನಲ್ಲಿ ಹರಿಯುವ ಪಠ್ಯ ಕಡ್ಡಾಯವಾಗಿ ಯೂಟಿಎಫ್-8 ಎಂಬ ಅಕ್ಷರಸಂಕೇತದಲ್ಲೇ ಇರಬೇಕು ಎಂದು ನಿಯಮವಿದೆ. ಇದರ ಲಾಭ ನೇರವಾಗಿ ನಮಗೆ. ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟಿದ್ದರೆ ಫೈಲ್‌ನಿಂದ ಪ್ಲೇಯರ್‌ಗೆ, ಅಲ್ಲಿಂದ ಲಾಕ್ ಸ್ಕ್ರೀನಿಗೆ ಒಂದು ಒತ್ತಕ್ಷರವೂ ಮುಕ್ಕಾಗದೆ ಬರುತ್ತದೆ. ಮುಕ್ಕಾಗುವುದು ಬೇರೆ ಕಡೆ, ಹಳೆಯ ಎಂಪಿ3 ಫೈಲ್‌ನ ಹೊಟ್ಟೆಯಲ್ಲೇ. 1996ರಲ್ಲಿ ಬಂದ ಐಡಿ3 ಎಂಬ ಟ್ಯಾಗ್ ಪದ್ಧತಿಯ ಮೊದಲ ಆವೃತ್ತಿ ಹಾಡಿನ ಹೆಸರಿಗೆ ಕೊಟ್ಟಿದ್ದು ಬರೀ 30 ಬೈಟು ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಯೂಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಸ್ವರಚಿಹ್ನೆಗೆ ಮೂರು ಬೈಟು ಬೇಕು. ‘ಮುಂಗಾರು ಮಳೆ’ ಎಂದು ಬರೆಯಲು ಎಷ್ಟು ಬೇಕು, ಎಣಿಸಿ. ‘ಮುಂಗಾರು’ ಎಂಬುದರಲ್ಲಿ ಮ, ಉಕಾರ, ಸೊನ್ನೆ, ಗ, ಆಕಾರ, ರ, ಉಕಾರ, ಒಟ್ಟು ಏಳು, 21 ಬೈಟು. ನಡುವಿನ ಖಾಲಿ ಜಾಗಕ್ಕೆ ಒಂದು. ‘ಮಳೆ’ಯಲ್ಲಿ ಮ, ಳ, ಎಕಾರ, ಮೂರು, 9 ಬೈಟು. ಎಲ್ಲ ಸೇರಿ 31! ಇರುವುದು 30. ಒಂದೇ ಒಂದು ಬೈಟು ಸಾಲದೆ ಕೊನೆಯ ಎಕಾರ ಮುರಿದು, ‘ಮುಂಗಾರು ಮಳ’ ಆಗಿ, ಮುಂದೊಂದು ಪ್ರಶ್ನೆಚಿಹ್ನೆಯ ಗೊಂಬೆ ಕೂರುತ್ತದೆ. ಹೊಸ ಆವೃತ್ತಿಯ ಟ್ಯಾಗ್‌ಗಳಲ್ಲಿ ಈ ಇಕ್ಕಟ್ಟಿಲ್ಲ. ನಿಮ್ಮ ಸಂಗ್ರಹದಲ್ಲಿ ಬಾಲ ತುಂಡಾದ ಕನ್ನಡ ಹೆಸರುಗಳಿದ್ದರೆ ಅಪರಾಧಿ ಯಾರೆಂದು ಈಗ ಗೊತ್ತಾಯಿತು.

ಇಷ್ಟೆಲ್ಲ ಸೌಕರ್ಯ ಮೊದಲಿನಿಂದ ಇತ್ತೆ? ಎಲ್ಲಿ ಬಂತು! ಲಿನಕ್ಸ್‌ನ ಬಾಲ್ಯದಲ್ಲಿ, 1994ರ ಸುಮಾರಿಗೆ, ಸ್ವತಃ ಲೈನಸ್ ಟೊರ್ವಾಲ್ಡ್ಸ್ ತನ್ನ ದನಿಯನ್ನು ಪುಟ್ಟ ಫೈಲ್ ಮಾಡಿ ಹಂಚಿದ್ದರು. ತನ್ನ ಹೆಸರು ಹೇಳಿ, ಲಿನಕ್ಸ್ ಎಂಬುದನ್ನು ತಾನು ಹೀಗೆ ಉಚ್ಚರಿಸುತ್ತೇನೆ ಎಂದು ಹೇಳುವ ಒಂದೇ ವಾಕ್ಯ. ಇಂಗ್ಲಿಷಿನಲ್ಲೊಂದು, ಸ್ವೀಡಿಷಿನಲ್ಲೊಂದು. ಅಂಥ ಫೈಲನ್ನು ಕೇಳಲು ಆಗ ಪ್ಲೇಯರ್ ಕೂಡ ಬೇಕಿರಲಿಲ್ಲ. ‘ಕ್ಯಾಟ್’ ಎಂಬ ಕಮಾಂಡಿನಿಂದ ಫೈಲನ್ನು ‘ಡೆವ್’ ಡೈರೆಕ್ಟರಿಯ ‘ಆಡಿಯೊ’ ಎಂಬ ಬಾಯಿಗೆ ಸುರಿದರೆ ಸ್ಪೀಕರ್ ಮಾತಾಡುತ್ತಿತ್ತು! ಆ ಬಾಯಿಗೆ ತಿಳಿದದ್ದು ಒಂದೇ, ಸೆಕೆಂಡಿಗೆ 8,000 ಬೈಟುಗಳನ್ನು ದನಿಯಾಗಿಸುವುದು. ಫೈಲ್‌ನ ತಲೆಯಲ್ಲಿರುವ ಕನಿಷ್ಠ 24 ಬೈಟುಗಳ ವಿವರ ದನಿಯಲ್ಲ ಎಂಬ ತಿಳಿವಳಿಕೆ ಅದಕ್ಕಿಲ್ಲ. ಅದನ್ನೂ ನುಡಿಸಿಬಿಡುತ್ತಿತ್ತು, ಸೆಕೆಂಡಿನ ಸಾವಿರದ ಮೂರು ಪಾಲಿನಷ್ಟು ಹೊತ್ತಿನ ಒಂದು ‘ಟಕ್’. ಆಮೇಲೆ ಮಾತು.

ಆದರೆ ಆಗ ಸೌಂಡ್‌ಕಾರ್ಡನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ತಂತ್ರಾಂಶ ಹಿಡಿದುಕೊಳ್ಳಬಹುದಿತ್ತು. ಹಾಡು ಓಡುತ್ತಿದ್ದರೆ ಉಳಿದ ತಂತ್ರಾಂಶಗಳೆಲ್ಲ ಮೂಗರು. ಆಮೇಲೆ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ಆಲ್ಸಾ ಎಂಬ ಸದ್ದಿನ ವ್ಯವಸ್ಥೆ ಬಂತು, 2003ರ ಕೊನೆಯಲ್ಲಿ ಹೊರಬಿದ್ದ ಕರ್ನೆಲ್ 2.6ರಲ್ಲಿ ಸೇರಿತು. ಅದರ ಮೇಲೆ ಲೆನಾರ್ಟ್ ಪೊಯೆಟ್ಟರಿಂಗ್ ಅವರ ಪಲ್ಸ್‌ಆಡಿಯೊ ಬಂತು. 2007ರಲ್ಲಿ ಫೆಡೋರಾ, 2008ರಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆಗಳು ಅದನ್ನು ಎಲ್ಲರಿಗೂ ಕೊಟ್ಟಾಗ ಜನ ಬೈದದ್ದಿಷ್ಟಲ್ಲ. ಸದ್ದು ಒಡೆಯುತ್ತದೆ, ತಡವಾಗುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಬೈಗುಳದಲ್ಲಿ ನ್ಯಾಯವಿತ್ತು, ಆದರೂ ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆ ವಾಲ್ಯೂಮ್ ಇರಬೇಕೆಂಬ ಸುಖ ನಮ್ಮ ಡೆಸ್ಕ್‌ಟಾಪ್‌ಗೆ ಇಳಿದದ್ದು ಅದರಿಂದಲೇ ಎಂಬುದನ್ನು ಮರೆಯುವುದು ಕೃತಘ್ನತೆ. ಈಗಿನ ಯಜಮಾನ ಪೈಪ್‌ವೈರ್. ವಿಮ್ ಟೇಮನ್ಸ್ ಇದರ ಕರ್ತೃ. 2021ರ ಏಪ್ರಿಲ್‌ನಲ್ಲಿ ಫೆಡೋರಾ 34ರ ಜೊತೆ ಮುಖ್ಯಭೂಮಿಕೆಗೆ ಬಂದು, 2023ರ ನವೆಂಬರ್‌ನಲ್ಲಿ 1.0 ಆಯಿತು. ಹಳೆಯ ಪ್ಲೇಯರ್‌ಗಳಿಗೆ ತಾನೇ ಪಲ್ಸ್‌ಆಡಿಯೊ ಎಂದು ವೇಷ ಹಾಕಿ ನಿಲ್ಲುತ್ತದೆ, ಸ್ಟುಡಿಯೊ ತಂತ್ರಾಂಶಗಳಿಗೆ ಜ್ಯಾಕ್ ಎಂಬ ಇನ್ನೊಂದು ವೇಷ. ಯಾರಿಗೂ ಅನುಮಾನ ಬರುವುದಿಲ್ಲ! ಹಾಡು ನಿಲ್ಲಿಸಿ ಐದು ಸೆಕೆಂಡು ಯಾರೂ ಸದ್ದು ಕಳಿಸದಿದ್ದರೆ ಅದರ ಜೊತೆಗಾರ ವೈರ್‌ಪ್ಲಂಬರ್ ಸೌಂಡ್‌ಕಾರ್ಡನ್ನು ಮಲಗಿಸುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಪಾಜ್ ಮಾಡಿದ ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಸಣ್ಣ ಟಿಕ್ ಕೇಳುತ್ತದಲ್ಲ, ಅದು ಬಹುಮಟ್ಟಿಗೆ ಈ ನಿದ್ದೆಯ ಸದ್ದು.

ಎಂಪ್ರಿಸ್‌ಗಿಂತ ಹಳೆಯ ಇನ್ನೊಂದು ಸಂಭಾಷಣೆಯಿದೆ, ಅದಂತೂ ಇನ್ನೂ ಬೆರಗು. ಮ್ಯೂಸಿಕ್ ಪ್ಲೇಯರ್ ಡೀಮನ್, ಅಂದರೆ ಎಂಪಿಡಿ. 2003ರಲ್ಲಿ ಹುಟ್ಟಿದ ಈ ಪ್ಲೇಯರ್‌ಗೆ ಮುಖವೇ ಇಲ್ಲ. ಕಿಟಕಿ ಇಲ್ಲ, ಬಟನ್ ಇಲ್ಲ. ತೆರೆಮರೆಯಲ್ಲಿ ಕೂತು ಹಾಡಿಸುತ್ತದೆ, 6600 ಎಂಬ ಪೋರ್ಟಿನಲ್ಲಿ ಕಿವಿ ತೆರೆದಿಟ್ಟಿರುತ್ತದೆ. ‘ಎನ್‌ಸಿ ಲೋಕಲ್‌ಹೋಸ್ಟ್ 6600’ ಎಂದು ಟೈಪಿಸಿ ಕದ ತಟ್ಟಿ. ‘ಓಕೆ ಎಂಪಿಡಿ’ ಎಂದು ತನ್ನ ಆವೃತ್ತಿಯ ಸಂಖ್ಯೆ ಹೇಳಿ ಸ್ವಾಗತಿಸುತ್ತದೆ! ‘ಸ್ಟೇಟಸ್’ ಎಂದು ಬರೆಯಿರಿ. ವಾಲ್ಯೂಮ್ ಎಷ್ಟು, ಎಷ್ಟು ಸೆಕೆಂಡು ಕಳೆಯಿತು, ದನಿಯ ಗುಣಮಟ್ಟ 44100, 16, 2 ಎಂದು ಒಂದೊಂದೇ ಸಾಲಿನಲ್ಲಿ ವರದಿ ಒಪ್ಪಿಸಿ ಕೊನೆಯಲ್ಲಿ ‘ಓಕೆ’ ಎನ್ನುತ್ತದೆ. ‘ಪಾಜ್ 1’ ಎಂದರೆ ನಿಲ್ಲುತ್ತದೆ, ‘ಪಾಜ್ 0’ ಎಂದರೆ ಹಾಡುತ್ತದೆ. ಅಸಂಬದ್ಧ ಏನಾದರೂ ಬರೆದರೆ ‘ಎಸಿಕೆ’ ಎಂದು ಗೊಣಗಿ ಯಾವ ಮಾತು ತಿಳಿಯಲಿಲ್ಲ ಎಂಬುದನ್ನೂ ಹೇಳುತ್ತದೆ. ಯಾವ ಆ್ಯಪ್ ಕೂಡ ಬೇಡ, ಬರೀ ಬೆರಳು ಸಾಕು.

ಇದರಲ್ಲಿ ‘ಐಡಲ್’ ಎಂಬ ಅಪ್ಪಣೆ ಇದೆ. ಅದನ್ನು ಬರೆದರೆ ಎಂಪಿಡಿ ಉತ್ತರವನ್ನೇ ಕೊಡುವುದಿಲ್ಲ. ಸುಮ್ಮನಿರುತ್ತದೆ. ಏನಾದರೂ ಬದಲಾಗುವವರೆಗೆ. ಫೋನಿನಿಂದ ಮಗಳು ಹಾಡು ಬದಲಿಸಿದಳೆನ್ನಿ, ಆ ಕ್ಷಣ ‘ಚೇಂಜ್ಡ್: ಪ್ಲೇಯರ್’ ಎಂದು ಉಸುರುತ್ತದೆ. ಪದೇಪದೇ ‘ಆಯ್ತಾ, ಆಯ್ತಾ’ ಎಂದು ಕೇಳುವ ಕಾಟವನ್ನು ತಪ್ಪಿಸಲು ಇದಕ್ಕಿಂತ ಚೆಂದದ ವ್ಯವಸ್ಥೆ ಉಂಟೆ? ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಮನೆಯ ಮ್ಯೂಸಿಕ್ ಸಿಸ್ಟಮ್ ಆಗಿಸುವ ವೊಲ್ಯುಮಿಯೊ, ಮೂಡ್ ಆಡಿಯೊ ಮುಂತಾದವುಗಳ ಒಳಗೆ ಹಾಡುತ್ತಿರುವುದು ಇದೇ ಎಂಪಿಡಿ. ಒಂದು ಎಚ್ಚರಿಕೆ: ಪಾಸ್‌ವರ್ಡ್ ಹಾಕದೆ ಇದನ್ನು ಮನೆಯ ಇಡೀ ನೆಟ್‌ವರ್ಕ್‌ಗೆ ತೆರೆದಿಟ್ಟರೆ ವೈಫೈಗೆ ಬಂದ ನೆಂಟರೆಲ್ಲ ನಿಮ್ಮ ಹಾಡು ಬದಲಿಸಬಹುದು.

ಬಗ್ಗಿ ಕೆಲಸ ಮಾಡುವವರಿಗೆ ಬೇಕಾದ ಆಟ ಮಾತ್ರ ಎಂಪಿವಿ ಎಂಬ ಇನ್ನೊಂದು ಪ್ಲೇಯರ್‌ನಲ್ಲಿದೆ. ಮಂಟೇಸ್ವಾಮಿ, ಮಲೆ ಮಾದಪ್ಪ, ಜುಂಜಪ್ಪನ ಕಾವ್ಯಗಳ ಹಾಡಿಕೆಯನ್ನು ಧ್ವನಿಮುದ್ರಿಕೆಯಿಂದ ಬರಹಕ್ಕಿಳಿಸುವವರನ್ನು ಕೇಳಿ ನೋಡಿ. ತಂಬೂರಿಯ ಮೀಟು, ಹಿಮ್ಮೇಳದವರ ಸೊಲ್ಲು, ಇವುಗಳ ಅಡಿಯಲ್ಲಿ ಒಂದು ಪದ ಹೂತುಹೋಗಿರುತ್ತದೆ. ಅದೇ ಎರಡು ಸೆಕೆಂಡನ್ನು ಮತ್ತೆ ಮತ್ತೆ, ನಿಧಾನವಾಗಿ ಕೇಳಬೇಕು. ಎಂಪಿವಿಯಲ್ಲಿ ಎಡ ಚೌಕಾವರಣದ ಕೀಲಿ ಒತ್ತಿದಂತೆಲ್ಲ ವೇಗ ಹಂತಹಂತವಾಗಿ ಇಳಿಯುತ್ತದೆ, ಬಲ ಚೌಕಾವರಣಕ್ಕೆ ಏರುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲಿನಂತೆ. ‘ಎಲ್’ ಕೀಲಿಯನ್ನು ಪದದ ಮೊದಲು ಒಮ್ಮೆ, ನಂತರ ಒಮ್ಮೆ ಒತ್ತಿದರೆ ಆ ತುಣುಕು ಮಾತ್ರ ಸುತ್ತುತ್ತ ನಿಲ್ಲುತ್ತದೆ, ನೀವು ಸಾಕು ಎನ್ನುವವರೆಗೆ. ಎಡ ಬಾಣ ಐದು ಸೆಕೆಂಡು ಹಿಂದಕ್ಕೆ. ಶಿಫ್ಟ್ ಜೊತೆ ‘ಕ್ಯೂ’ ಒತ್ತಿ ಮುಚ್ಚಿದರೆ ನಾಳೆ ಅದೇ ಫೈಲ್ ತೆರೆದಾಗ ಬಿಟ್ಟ ಜಾಗದಿಂದಲೇ ಶುರು.

ವಿಸ್ಮಯ ಇರುವುದು ಇಲ್ಲಿ: ವೇಗ ಅರ್ಧವಾದರೂ ಹಾಡುವವರ ದನಿ ದಪ್ಪವಾಗುವುದಿಲ್ಲ! ಹಳೆಯ ಟೇಪ್‌ರೆಕಾರ್ಡರಿನಲ್ಲಿ ವೇಗ ಅರ್ಧ ಮಾಡಿದ್ದರೆ ಶ್ರುತಿ ಪೂರಾ ಒಂದು ಸ್ಥಾಯಿ ಕೆಳಗಿಳಿದು ಹೆಣ್ಣುದನಿ ಗಂಡುದನಿಯಾಗುತ್ತಿತ್ತು. ಎಂಪಿವಿ ಮಾಡುವುದೇ ಬೇರೆ. ದನಿಯನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ಚೂರುಗಳನ್ನು ಒಂದರ ಮೇಲೊಂದು ತುಸು ಹೊದೆಯುವಂತೆ ಮರುಜೋಡಿಸುತ್ತದೆ. ಎಲ್ಲೆಂದರಲ್ಲಿ ಹೊದೆಸಿದರೆ ಸದ್ದು ಒಡೆಯುತ್ತದೆ, ಹಾಗಾಗಿ ಎರಡು ಚೂರುಗಳ ಅಲೆಗಳು ಎಲ್ಲಿ ಅತಿ ಹೆಚ್ಚು ಹೋಲುತ್ತವೆ ಎಂದು ಆಚೀಚೆ ಸರಿಸಿ ಹುಡುಕಿ, ಅಲ್ಲೇ ಬೆಸೆಯುತ್ತದೆ. ಪ್ರತಿ ಅಲೆಯ ಅಳತೆ ಹಾಗೇ ಉಳಿದದ್ದರಿಂದ ಶ್ರುತಿ ಬದಲಾಗಲಿಲ್ಲ, ಅಲೆಗಳು ಮರುಕಳಿಸಿದ್ದರಿಂದ ಕಾಲ ಮಾತ್ರ ಹಿಗ್ಗಿತು. ನೀವು ಕೇಳುತ್ತಿರುವಾಗಲೇ ಇದೆಲ್ಲ ಸೆಕೆಂಡಿಗೆ ಅದೆಷ್ಟೋ ಬಾರಿ ನಡೆಯುತ್ತಿರುತ್ತದೆ. ತೀರಾ ನಿಧಾನಿಸಿದರೆ ತಾಳದ ಪೆಟ್ಟುಗಳು ಎರಡೆರಡು ಕೇಳಿಸಬಹುದು, ಆ ಬೆಸುಗೆಯ ಗುರುತು ಅದು. ಮುಕ್ಕಾಲು ವೇಗದಲ್ಲಿ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ, ನನ್ನ ಮಟ್ಟಿಗೆ ಅದೇ ಹದ.

ಇನ್ನು ಈ ಬಿಡಿ ಸಾಮಗ್ರಿಗಳನ್ನು ಜೋಡಿಸಿದರೆ ಏನೇನು ಸಾಧ್ಯ ಎಂದು ಹೇಳಹೊರಟರೆ ಪುಟ ಸಾಲದು. ‘ಸ್ಲೀಪ್ 30ಎಂ’ ಎಂದು ಬರೆದು, ಅರ್ಧವಿರಾಮ ಹಾಕಿ, ಪಕ್ಕದಲ್ಲೇ ‘ಪ್ಲೇಯರ್‌ಸಿಟಿಎಲ್ ಪಾಜ್’ ಎಂದು ಬರೆದಿಟ್ಟರೆ ಅರ್ಧ ಗಂಟೆಗೆ ಹಾಡು ತಾನೇ ನಿಲ್ಲುತ್ತದೆ. ನಿದ್ದೆಗೆ ಜಾರುವವರಿಗೆ ಇಷ್ಟು ಸಾಕು. ಕೆಡಿಇ ಕನೆಕ್ಟ್ ಹಾಕಿಕೊಂಡರೆ ಫೋನೇ ರಿಮೋಟ್ ಆಗುತ್ತದೆ. ಫೋನಿಗೆ ಕರೆ ಬಂದರೆ ಕಂಪ್ಯೂಟರಿನ ಹಾಡು ಮರ್ಯಾದೆಯಿಂದ ತಾನಾಗಿ ಸುಮ್ಮನಾಗುವಂತೆಯೂ ಮಾಡಬಹುದು. ‘ಪ್ಲೇಯರ್‌ಸಿಟಿಎಲ್ ಮೆಟಾಡೇಟಾ --ಫಾಲೋ’ ಎಂದರೆ ಹಾಡು ಬದಲಾದಾಗಲೆಲ್ಲ ಅದರ ವಿವರ ಟರ್ಮಿನಲ್‌ನಲ್ಲಿ ಇಳಿಯುತ್ತ ಹೋಗುತ್ತದೆ, ಅದನ್ನೊಂದು ಫೈಲ್‌ಗೆ ತಿರುಗಿಸಿದರೆ ನೀವು ಕೇಳಿದ್ದರ ದಿನಚರಿ ಸಿದ್ಧ. ಎರಡು ಪ್ಲೇಯರ್ ಒಟ್ಟಿಗೆ ತೆರೆದಿದ್ದರೆ ಯಾರು ನಿಲ್ಲಬೇಕು ಎಂಬ ಜಗಳ ಬರುತ್ತದೆ. ‘ಪ್ಲೇಯರ್‌ಸಿಟಿಎಲ್‌ಡಿ’ ಎಂಬ ಕಾವಲುಗಾರನನ್ನು ಓಡಿಸಿಟ್ಟರೆ ಕೊನೆಗೆ ಚಟುವಟಿಕೆ ತೋರಿದ್ದು ಯಾವುದೆಂದು ನೆನಪಿಟ್ಟುಕೊಂಡು ಅದಕ್ಕೇ ಮಾತು ದಾಟಿಸುತ್ತದೆ.

ಟರ್ಮಿನಲ್‌ನಲ್ಲೇ ಓಡುವ ‘ಎಂಪಿಜಿ123’ಯಂಥ ಪ್ಲೇಯರ್‌ಗೆ ಇದಾವುದೂ ಬೇಡ. ಕಂಟ್ರೋಲ್ ಮತ್ತು ಝಡ್ ಒತ್ತಿ. ಇಡೀ ತಂತ್ರಾಂಶವೇ ಕರ್ನೆಲ್‌ನ ಕೈಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ, ಬಫರಿನಲ್ಲಿ ಉಳಿದ ಚೂರು ಸದ್ದು ಖಾಲಿಯಾದೊಡನೆ ಮೌನ. ‘ಎಫ್‌ಜಿ’ ಎಂದರೆ ಮತ್ತೆ ಜೀವ. ಪಾಜ್ ಬಟನ್ನೇ ಇಲ್ಲದ ಪ್ಲೇಯರ್‌ಗೂ ಪಾಜ್ ಇದೆ ಎಂದಾಯಿತಲ್ಲ!

ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಮೀಡಿಯಾ ಕೀಲಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆ ಮಾತು ಬೇರೆ. ಅಲ್ಲಿ ಕೀಲಿ ಒತ್ತಿದರೆ ಹಾಡು ನಿಲ್ಲುತ್ತದೆ, ಕತೆ ಅಲ್ಲಿಗೆ ಮುಗಿಯಿತು. ಇಲ್ಲಿ ನಿಂತದ್ದು ಹೇಗೆ ಎಂಬುದು ಸಾಲುಸಾಲಾಗಿ ಕಣ್ಣೆದುರು ಹರಿಯುತ್ತದೆ, ಆ ಸಾಲುಗಳಲ್ಲಿ ನಮ್ಮದೊಂದನ್ನು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಪ್ಲೇ ಬಟನ್ ಯಾವ ಪ್ಲೇಯರಿನ ಆಸ್ತಿಯೂ ಅಲ್ಲ ಎಂಬುದೇ ನನಗೆ ಇಲ್ಲಿ ಕಂಡ ದೊಡ್ಡ ಸಂಗತಿ.

ಈ ಮುಕ್ತತೆಗೆ ಬೆಲೆಯೂ ಇದೆ, ಮುಚ್ಚಿಡುವುದು ಸರಿಯಲ್ಲ. ಅಪ್ಪಣೆ ಬೇಡ ಎಂದಾದ ಮೇಲೆ ನೀವು ಲಾಗಿನ್ ಆಗಿರುವಾಗ ಓಡುವ ಇತರ ತಂತ್ರಾಂಶಗಳೂ ನೀವು ಏನು ಕೇಳುತ್ತಿದ್ದೀರಿ ಎಂದು ಓದಬಲ್ಲವು. ಫ್ಲಾಟ್‌ಪ್ಯಾಕ್ ಎಂಬ ವ್ಯವಸ್ಥೆಯ ಮೂಲಕ ಹಾಕಿಕೊಂಡ ಆ್ಯಪ್‌ಗಳಿಗೆ ಬೇಲಿ ಇದೆ, ಅವು ಯಾರ ಜೊತೆ ಮಾತಾಡಬಹುದೆಂದು ಮೊದಲೇ ಬರೆದಿಟ್ಟಿರುತ್ತದೆ. ಎಲ್ಲ ಪ್ಲೇಯರ್‌ಗಳೂ ಒಪ್ಪಂದವನ್ನು ಪೂರ್ತಿ ಪಾಲಿಸುವುದಿಲ್ಲ ಎಂಬುದು ಇನ್ನೊಂದು ಕೊರತೆ. ಕೆಲವಕ್ಕೆ ವೇಗ ಬದಲಿಸುವ ಮಾತು ಅರ್ಥವಾಗದು, ಕೆಲವು ಮುಂದಿನ ಹಾಡು ಇಲ್ಲದಿದ್ದರೂ ಇದೆ ಎನ್ನುತ್ತವೆ. ನಾನು ಇಷ್ಟು ಹೊಗಳಿದ ಎಂಪಿವಿಗೂ ಎಂಪ್ರಿಸ್ ಬೇಕೆಂದರೆ ‘ಎಂಪಿವಿ-ಎಂಪ್ರಿಸ್’ ಎಂಬ ಪ್ಲಗಿನ್ ಪ್ರತ್ಯೇಕ ಸೇರಿಸಿಕೊಳ್ಳಬೇಕು.

ಪ್ಲೇಯರ್‌ಸಿಟಿಎಲ್ ಡೆಬಿಯನ್, ಉಬುಂಟು, ಫೆಡೋರಾಗಳ ಭಂಡಾರದಲ್ಲಿ ಅದೇ ಹೆಸರಿನಲ್ಲಿದೆ, ಪುಕ್ಕಟೆ. ಹಾಕಿಕೊಂಡು ಮೊದಲು ‘ಪ್ಲೇಯರ್‌ಸಿಟಿಎಲ್ -ಎಲ್’ ಎಂದು ಟೈಪಿಸಿ. ಸದ್ಯ ನಿಮ್ಮ ಮಾತಿಗೆ ಕಾದು ಕೂತವರು ಯಾರು ಯಾರು ಎಂಬ ಹೆಸರುಗಳ ಪಟ್ಟಿ ಬರುತ್ತದೆ. ಮುಂದಿನದನ್ನು ನೀವೇ ಮಾಡಿ ನೋಡಿ.